ಸುಬಾಬುಲ್‌ಗೆ ಕುಡುಗೋಲೇ ಕಡಿವಾಣ

ರೈಲು ಹಳಿಯ ಪಕ್ಕ, ಖಾಲಿ ಸೈಟು, ಪಾಳುಬಿದ್ದ ಬದು ಎಲ್ಲಿ ನೋಡಿದರೂ ಯಾರೂ ನೆಡದ ಮರವೊಂದು ಒತ್ತೊತ್ತಾಗಿ ಎದ್ದು ನಿಂತಿರುತ್ತದೆ. ಸಣ್ಣ ಎಲೆ, ಬಿಳಿ ಉಂಡೆ ಹೂ, ಗೊಂಚಲಾಗಿ ನೇತಾಡುವ ಚಪ್ಪಟೆ ಕಂದು ಕಾಯಿ. ಸುಬಾಬುಲ್ ಇದೇ. ಇಂದು ಕಳೆಯೆಂದು ಬೈಸಿಕೊಳ್ಳುವ ಇದನ್ನು ಒಂದು ಕಾಲದಲ್ಲಿ ಪವಾಡದ ಮರವೆಂದು ಹೊತ್ತು ಮೆರೆಸಿದ್ದರು.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಇದರ ತವರು. ಸ್ಪೇನಿನ ಹಡಗುಗಳು ಇದನ್ನು ಫಿಲಿಪ್ಪೀನ್ಸಿಗೆ ಒಯ್ದವು, ಅಲ್ಲಿಂದಾಚೆ ಏಷ್ಯಾದ ಉದ್ದಗಲಕ್ಕೂ ಹಬ್ಬಿತು. ಆಗ ಬಂದದ್ದು ಪೊದೆಯಂಥ ಕುಳ್ಳ ಜಾತಿ. ಎತ್ತರಕ್ಕೆ ಬೆಳೆಯುವ ತಳಿಗಳನ್ನು ಆರಿಸಿ ಹಂಚಿದವರು ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್. ಅವರ ಕೆ-8 ತಳಿ ಮಣಿಭಾಯಿ ದೇಸಾಯಿಯವರ ಬೈಫ್ ಸಂಸ್ಥೆಯ ಮೂಲಕ ಪುಣೆ ಬಳಿಯ ಉರಳಿಕಾಂಚನಕ್ಕೆ ಬಂತು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಮರದ ಮೇಲೊಂದು ಪುಸ್ತಕವನ್ನೇ ತಂದಿತು. ಮೇವು, ಸೌದೆ, ಕಾಗದದ ತಿರುಳು, ಗೊಬ್ಬರ, ಎಲ್ಲವೂ ಒಂದೇ ಮರದಿಂದ! ಯಾರಿಗೆ ಬೇಡ?

ಗೊಬ್ಬರದ ಮಾತು ಸುಳ್ಳಲ್ಲ. ಬೇರಿನ ಗಂಟುಗಳಲ್ಲಿ ಮನೆ ಮಾಡುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ. ಆದರೆ ಮರ ನಿಂತ ಮಾತ್ರಕ್ಕೆ ಪಕ್ಕದ ಜೋಳಕ್ಕೆ ಅದು ಸಿಗುವುದಿಲ್ಲ. ಸಾರಜನಕದ ಬಹುಪಾಲು ಎಲೆಯಲ್ಲಿ ಕೂತಿರುತ್ತದೆ. ಸೊಪ್ಪು ಕೊಯ್ದು ಸಾಲಿಗೆ ಹಾಸಿ, ಅದು ಕೊಳೆತಾಗ ಮಾತ್ರ ನೆಲಕ್ಕೆ ದಕ್ಕುತ್ತದೆ. ಕೊಯ್ಯದೆ ಬಿಟ್ಟರೆ ಬೆಳೆಗೆ ಉಳಿಯುವುದು ನೆರಳು ಮತ್ತು ನೀರಿನ ಪೈಪೋಟಿ.

ಮೇವಿನ ಕಥೆ ಇನ್ನೂ ಸ್ವಾರಸ್ಯದ್ದು. ಒಣಗಿದ ಎಲೆಯಲ್ಲಿ ಶೇ 20ಕ್ಕೂ ಹೆಚ್ಚು ಪ್ರೋಟೀನ್ ಇದೆ. ಜೊತೆಗೆ ಮಿಮೊಸಿನ್ ಎಂಬ ವಿಷವೂ ಇದೆ. ಈ ಸೊಪ್ಪನ್ನೇ ಮೇದ ಆಸ್ಟ್ರೇಲಿಯಾದ ದನಗಳ ಕೂದಲು ಉದುರಿತು, ಥೈರಾಯ್ಡ್ ಗ್ರಂಥಿ ಊದಿಕೊಂಡಿತು. ಹವಾಯಿಯ ಆಡುಗಳು ಮಾತ್ರ ಅದೇ ಸೊಪ್ಪು ತಿಂದು ಆರಾಮಾಗಿದ್ದವು. ಗುಟ್ಟು ಅವುಗಳ ಹೊಟ್ಟೆಯಲ್ಲೇ ಇರಬೇಕೆಂದು ಊಹಿಸಿದವರು ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್. 1980ರ ದಶಕದ ಮೊದಲಲ್ಲಿ ಆ ಆಡುಗಳ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ತರಿಸಿ ತಮ್ಮ ದನಗಳಿಗೆ ಹಾಕಿದರು. ವಿಷ ಕರಗಿತು. ಒಂದು ದನಕ್ಕೆ ಕೊಟ್ಟದ್ದು ಜೊತೆಯಲ್ಲಿ ಮೇಯುವ ದನಗಳಿಗೂ ದಾಟಿತು. ಆ ಬ್ಯಾಕ್ಟೀರಿಯಾಕ್ಕೆ ಕೊನೆಗೆ ಜೋನ್ಸರ ಹೆಸರನ್ನೇ ಇಟ್ಟರು. ಮೆಲುಕು ಹಾಕದ ಕುದುರೆ, ಹಂದಿ, ಮೊಲಗಳಿಗೆ ಈ ಸೌಲಭ್ಯವಿಲ್ಲ. ಅವುಗಳಿಗೆ ಸುಬಾಬುಲ್ ಹಾಕಲೇಬಾರದು. ದನಗಳಿಗೂ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಿದ್ದರೆ ಒಳ್ಳೆಯದು. ಉಳಿದದ್ದಕ್ಕೆ ರಾಗಿ ಹುಲ್ಲೋ ಜೋಳದ ಸಪ್ಪೆಯೋ ಇರಲಿ.

ಮರದ ಪವಾಡಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಒಂದು ಪುಟ್ಟ ಕೀಟ. ಚಿಗುರಿನ ರಸ ಹೀರುವ ಸಿಲಿಡ್ 1984ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡು, ಒಂದೊಂದೇ ದೇಶ ದಾಟುತ್ತ 1988ಕ್ಕೆ ಭಾರತ ತಲುಪಿತು. ಎಲ್ಲೆಡೆ ಹತ್ತಿರದ ನೆಂಟಸ್ತಿಕೆಯ ಬೀಜವನ್ನೇ ಹಂಚಿದ್ದರಿಂದ ಮರಗಳು ಒಟ್ಟಿಗೇ ಬೋಳಾದವು. ಆಗ ಬೆಂಗಳೂರಿನ ಜೈವಿಕ ಕೀಟ ನಿಯಂತ್ರಣ ವಿಜ್ಞಾನಿಗಳು ಥಾಯ್ಲೆಂಡಿನಿಂದ ನೀಲಿ ಮಿಂಚಿನ ಒಂದು ಗುಲಗಂಜಿ ಹುಳುವನ್ನು ತರಿಸಿ, ಸಾಕಿ, ಬಿಟ್ಟರು. ಅದು ನಗರದ ಸುತ್ತ ನೆಲೆಯೂರಿ ಸಿಲಿಡ್ ತಿನ್ನತೊಡಗಿತು. ಕೋಟಿಗಟ್ಟಲೆ ಸಸಿ ಹಂಚಿದ ಉತ್ಸಾಹದ ಮುಂದೆ ಈ ಹುಳುವಿನ ಕೆಲಸವನ್ನು ಯಾರೂ ನೆನೆಯುವುದಿಲ್ಲ ಎಂಬುದು ನನಗೆ ಸದಾ ಬೇಸರದ ಸಂಗತಿ.

ಹಾಗಾದರೆ ಬೆಳೆಸಬೇಕೆ? ಹಸು, ಆಡು ಇರುವವರು ಬದುವಿನ ಮೇಲೆ ಬೇಲಿಯಂತೆ ಬೆಳೆಸಬಹುದು. ಬೀಜದ ಸಿಪ್ಪೆ ಗಟ್ಟಿ. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿನೀರಲ್ಲಿ ಎರಡು ಮೂರು ನಿಮಿಷ ಅದ್ದಿ, ಬಳಿಕ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ. ಹುಳಿ ಮಣ್ಣು, ನೀರು ನಿಲ್ಲುವ ತಗ್ಗು ಇದಕ್ಕೆ ಆಗಿಬರದು. ಮಲೆನಾಡಿನವರು ಆಸೆಪಡುವುದು ಬೇಡ. ವೇಗಕ್ಕೆ ಹೆಸರಾದ ಈ ಮರ ಮೊದಲ ಕೆಲವು ತಿಂಗಳು ಮಾತ್ರ ಕುಂಟುತ್ತದೆ. ಆಗ ಕಳೆ ತೆಗೆಯದಿದ್ದರೆ ಸಸಿ ಹುಲ್ಲಿನಲ್ಲೇ ಮುಳುಗಿಹೋಗುತ್ತದೆ. ಆಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿ, ಮತ್ತೆ ಚಿಗುರಿದಂತೆ ಒಂದೂವರೆ ಎರಡು ತಿಂಗಳಿಗೊಮ್ಮೆ ಕೊಯ್ಯುತ್ತಿರಬೇಕು. ಹೂ ಕಾಯಾಗಿ ಬಲಿಯುವುದಕ್ಕೆ ಅವಕಾಶ ಕೊಡಬೇಡಿ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸುಬಾಬುಲ್ ಸೇರಿರುವುದು ಈ ಬೀಜದ ಕಾರಣಕ್ಕೇ. ಮಣ್ಣಲ್ಲಿ ವರ್ಷಗಟ್ಟಲೆ ಕಾದು ಕೂತು ಮೊಳೆಯುತ್ತದೆ.

ಈಗಾಗಲೇ ಮರವಾಗಿ ಹಬ್ಬಿದ್ದರೆ ಕಡಿದು ಸುಮ್ಮನಾದರೆ ಸಾಲದು, ಬುಡದಿಂದ ಪೊದೆಯಾಗಿ ಮತ್ತೆ ಏಳುತ್ತದೆ. ಚಿಗುರನ್ನು ಬಿಡದೆ ಆಡುಗಳಿಗೆ ಕೊಯ್ದು ಹಾಕುತ್ತ, ಕೆಳಗೆ ಮೊಳೆತ ಸಸಿಗಳನ್ನು ಮಳೆ ಬಿದ್ದ ನೆಲ ಮೆತ್ತಗಿರುವಾಗಲೇ ಬೇರುಸಹಿತ ಕೀಳಬೇಕು. ಒಂದೇ ಮಳೆಗಾಲಕ್ಕೆ ಮುಗಿಯುವ ಕೆಲಸವಲ್ಲ, ಮುಂದಿನ ವರ್ಷವೂ ಮೊಳಕೆ ಬರುತ್ತದೆ.