ತರಬೇತಿ ಶಾಲೆಗೆ ವರ್ಗವಾದರೆ ಮರುಗಬೇಕೆ?

ಪೊಲೀಸ್ ಅಧಿಕಾರಿಯಾದ ಮಗನನ್ನು ಜಿಲ್ಲೆಯಿಂದ ತರಬೇತಿ ಶಾಲೆಗೆ ವರ್ಗ ಮಾಡಿದರೆಂದು ಕೇಳಿದ ಕೂಡಲೇ ಬಂಧುಗಳು ಮರುಗುತ್ತಾರೆ. ಠಾಣೆಯಿಲ್ಲ, ದರ್ಬಾರಿಲ್ಲ, ಅದೂ ಒಂದು ಹುದ್ದೆಯೇ ಎಂಬ ಭಾವ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಿತ್ಯ ನುಡಿಯುವ ನಮ್ಮ ಮನೆಗಳಲ್ಲಿಯೇ ಈ ಮಾತು ಕೇಳಿಬರುವುದು ಸೋಜಿಗ.

ಶ್ರೀಮತಿ ಕಿರಣ್ ಬೇಡಿಯವರ ವೃತ್ತಿಜೀವನವನ್ನು ನಾವು ಇಲ್ಲಿ ನೆನೆಯಬಯಸುತ್ತೇವೆ. 1972ರಲ್ಲಿ ಭಾರತೀಯ ಪೊಲೀಸ್ ಸೇವೆಗೆ ಸೇರಿದ ಪ್ರಥಮ ಮಹಿಳೆಯಾದ ಅವರು ತರಬೇತಿ ಪಡೆದದ್ದು ಮೌಂಟ್ ಅಬುವಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ. (1948ರಲ್ಲಿ ಆರಂಭವಾದ ಆ ಸಂಸ್ಥೆ 1975ರಲ್ಲಿ ಹೈದರಾಬಾದಿಗೆ ಬಂದಿತು.) 1993ರಲ್ಲಿ ಅವರನ್ನು ತಿಹಾರ್ ಸೆರೆಮನೆಯ ಮುಖ್ಯಸ್ಥರನ್ನಾಗಿ ಕಳುಹಿಸಿದಾಗ ಅದನ್ನೂ ಶಿಕ್ಷೆಯೆಂದೇ ಹಲವರು ಬಗೆದರು. ಅಲ್ಲಿ 1994ರ ಏಪ್ರಿಲ್ ತಿಂಗಳಲ್ಲಿ ಸಾವಿರಕ್ಕೂ ಮಿಕ್ಕ ಕೈದಿಗಳು ಹತ್ತು ದಿನ ಮೌನದಿಂದ ವಿಪಶ್ಯನ ಧ್ಯಾನಕ್ಕೆ ಕುಳಿತರು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಲೆಗೊಳಿಸುವ ನಮ್ಮವರಿಗೆ ಆ ಮೌನದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕಾನೂನಿನ ಕಲಮುಗಳನ್ನೂ ಕವಾಯತನ್ನೂ ಕಲಿಸಬಲ್ಲವರು ಅನೇಕರಿದ್ದಾರೆ. ಆದರೆ ಲಾಠಿ ಹಿಡಿದ ಕೈ ಯಾವಾಗ ತಡೆಯಬೇಕೆಂಬುದನ್ನು ಹೇಳಲು ಗಲಭೆಯ ನಡುವೆ ತಾವೇ ನಿಂತು ಬಂದವರು ಬೇಕು. ನಮ್ಮ ಹೆಣ್ಣುಮಗಳೊಬ್ಬಳು ದೂರು ಹೊತ್ತು ಠಾಣೆಗೆ ಹೋದರೆ ಮೊದಲು ಎದುರಾಗುವವನು ಮೇಲಧಿಕಾರಿಯಲ್ಲ, ಪೇದೆ. ಅವನು ಅವಳಿಗೆ ಕುರ್ಚಿ ಕೊಡುವನೋ ಗದರುವನೋ ಎಂಬುದು ಬಹುಮಟ್ಟಿಗೆ ತರಬೇತಿ ಶಾಲೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಮುಂದೆ ದೆಹಲಿ ಪೊಲೀಸರ ತರಬೇತಿಯ ಹೊಣೆ ಹೊತ್ತ ಬೇಡಿಯವರು, ಕೈದಿಗಳಿಗೆ ಮಾಡಿಸಿದ್ದ ಅದೇ ಧ್ಯಾನಕ್ಕೆ 1999ರಲ್ಲಿ ಝರೋಡಾ ಕಲಾನ್ ತರಬೇತಿ ಕಾಲೇಜಿನ ಪೊಲೀಸರನ್ನೂ ಕೂರಿಸಿದರು.