ಕಿರುಚಿತ್ರ ತೋರಿಸಲು ಮಕ್ಕಳು ಬಂದರೆ ‘ಚೆನ್ನಾಗಿದೆ’ ಅಂತ ಹೇಳಿ ಕಳಿಸಬೇಡಿ



ಈಗ ಕಾಲೇಜು ಮಕ್ಕಳು ಮೊಬೈಲಿನಲ್ಲೇ ಸಿನಿಮಾ ತೆಗೆಯುತ್ತಾರೆ. ಪತ್ರಿಕೋದ್ಯಮ, ಸಮಾಜಕಾರ್ಯ ಓದುವ ಎಷ್ಟೋ ಮಕ್ಕಳಿಗೆ ಅದು ಪರೀಕ್ಷೆಯ ಒಂದು ಭಾಗವೇ ಆಗಿದೆ. ಐದು ನಿಮಿಷ, ಹತ್ತು ನಿಮಿಷದ ಈ ಚಿತ್ರಗಳನ್ನು ಕಿರುಚಿತ್ರ ಎನ್ನುತ್ತಾರೆ. ಕಥೆ ಬೇಕಾದಾಗ ಅವರು ಹುಡುಕಿಕೊಂಡು ಬರುವುದು ಹಳ್ಳಿಗೆ, ಅದರಲ್ಲೂ ನಮ್ಮ ಸಂಘಗಳಿಗೆ. ಸಾಲ, ಕುಡಿತ, ಬಾಲ್ಯವಿವಾಹ, ಕುಡಿಯುವ ನೀರು, ಹೀಗೆ ನಮ್ಮ ಕಷ್ಟಗಳೇ ಅವರ ವಿಷಯ. ಚಿತ್ರ ಮುಗಿದ ಮೇಲೆ ಕೆಲವರು ನಮಗೇ ತಂದು ತೋರಿಸುತ್ತಾರೆ. ನಾವು ಟೀ ಕೊಟ್ಟು, ನೋಡಿ, ಚಪ್ಪಾಳೆ ತಟ್ಟಿ ಕಳಿಸುತ್ತೇವೆ. ಅಷ್ಟೇ ಸಾಕಾ?

ಕೆಲವು ತಿಂಗಳ ಹಿಂದೆ ನಮ್ಮ ಒಕ್ಕೂಟದ ಮಾಸಿಕ ಸಭೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುತ್ತೇವೆ. ಆರು ಮಂದಿ ವಿದ್ಯಾರ್ಥಿಗಳು ಹನ್ನೊಂದು ನಿಮಿಷದ ಒಂದು ಚಿತ್ರ ತಂದಿದ್ದರು. ಬೇರೆ ಬೇರೆ ಸಂಘಗಳಿಂದ ಸುಮಾರು ನಲವತ್ತು ಜನ ಸೇರಿದ್ದೆವು. ಕಥೆ ಇಷ್ಟು: ಒಬ್ಬ ಹೆಣ್ಣುಮಗಳು ಫೈನಾನ್ಸ್ ಕಂಪನಿಯಿಂದ ವಾರದ ಕಂತಿನ ಸಾಲ ತೆಗೆಯುತ್ತಾಳೆ. ಆ ಕಂತು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ. ಕಿವಿಯ ಓಲೆ ಅಡ ಇಡುತ್ತಾಳೆ, ಮೇಕೆ ಮಾರುತ್ತಾಳೆ. ಕಡೆಗೆ ಒಂದು ರಾತ್ರಿ ಮನೆಗೆ ಬೀಗ ಹಾಕಿ, ಮಗುವಿನ ಕೈ ಹಿಡಿದು ಊರು ಬಿಡುತ್ತಾಳೆ.

ಇದು ಕಟ್ಟುಕಥೆ ಅಲ್ಲ ಅಂತ ನಮಗೆಲ್ಲ ಗೊತ್ತು. ಇಂಥ ವಸೂಲಿ ಕಾಟ ಮಿತಿಮೀರಿದ್ದರಿಂದಲೇ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು.

ಚಿತ್ರ ಮುಗಿಯಿತು, ಲೈಟ್ ಹಾಕಿದರು. ಚಿತ್ರ ನಿರ್ದೇಶಿಸಿದ ಹುಡುಗ ಎದ್ದು ನಿಂತು, “ಹೇಗಿತ್ತು ಅಮ್ಮಾ?” ಅಂದ. “ಚೆನ್ನಾಗೈತೆ ಕಣಪ್ಪ” ಅಂತ ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅವನಿಗೆ ಖುಷಿಯಾಯಿತು. ಚಿತ್ರದಲ್ಲಿ ಯಾವುದರ ಅರ್ಥ ಏನು ಅಂತ ಹತ್ತು ನಿಮಿಷ ವಿವರಿಸಿದ. ಎಲ್ಲರೂ ತಲೆ ಆಡಿಸಿದರು.

ನಿಜವಾದ ಮಾತು ಬಂದದ್ದು ಟೀ ತಗೊಳ್ಳುವ ಸಾಲಿನಲ್ಲಿ. “ಅಲ್ಲ ಕಣಕ್ಕ, ಸಂಘದೋರೇ ಹೋಗಿ ಅವಳ ಮನೆ ಮುಂದೆ ಕೂತ್ಕತಾರಲ್ಲ, ನಾವು ಯಾವತ್ತಾದ್ರೂ ಹಂಗೆ ಮಾಡಿದ್ದೀವಾ?” ಅಂತ ಒಬ್ಬರು. “ನಮ್ಮ ಹೆಸರು ಕೆಡ್ಸಕ್ಕೆ ತೆಗೆದವ್ರೆ” ಅಂತ ಇನ್ನೊಬ್ಬರು. ನಮ್ಮ ಕಾರ್ಯಕರ್ತೆ ಇದನ್ನು ಕೇಳಿಸಿಕೊಂಡು ಗಾಬರಿಯಿಂದ ಬಂದು ಹೇಳಿದರು. ಮಕ್ಕಳು ಆಗಲೇ ಬ್ಯಾಗ್ ಹೆಗಲಿಗೆ ಹಾಕಿದ್ದರು. ಅವರನ್ನು ಮತ್ತೆ ಕರೆದು ಕೂರಿಸಿದೆವು.

ಯಾಕೆ ಹೀಗಾಯಿತು? ನಮ್ಮ ಹೆಂಗಸರು ಸುಳ್ಳು ಹೇಳುವವರಲ್ಲ. ಆದರೆ ಮನೆಗೆ ಬಂದ ಮಕ್ಕಳ ಮುಖ ಸಣ್ಣದಾಗಬಾರದು ಅನ್ನುವುದು ಒಂದು. ‘ನಮಗೇನು ಸಿನಿಮಾ ಗೊತ್ತು, ಓದಿದ ಮಕ್ಕಳು ಮಾಡಿದ್ದಾರೆ’ ಅನ್ನುವ ಅಳುಕು ಇನ್ನೊಂದು. ತಪ್ಪು ಕೇಳಿದವರದೂ ಇತ್ತು. ‘ಹೇಗಿತ್ತು’ ಅಂತ ಕೇಳಿದರೆ ಊಟ ಆದ ಮೇಲೆ ಹೇಳುವ ಉತ್ತರವೇ ಬರುತ್ತದೆ. ಅದೂ ಅಲ್ಲದೆ, ಚಿತ್ರ ಮಾಡಿದವರೇ ನಿಂತು ಅರ್ಥ ಹೇಳಲು ಶುರು ಮಾಡಿದರೆ, ನೋಡಿದವರು ತಮಗೆ ಏನು ಅರ್ಥವಾಗಿತ್ತು ಅನ್ನುವುದನ್ನು ನುಂಗಿಕೊಳ್ಳುತ್ತಾರೆ. ಚಿತ್ರ ಊರೂರು ಸುತ್ತುವಾಗ ಅರ್ಥ ಹೇಳಲು ಆ ಹುಡುಗ ಪಕ್ಕದಲ್ಲಿ ಇರುತ್ತಾನಾ?

ಆದ್ದರಿಂದ ಎರಡನೇ ಸಲ ಬೇರೆ ರೀತಿ ಮಾಡಿದೆವು. ಚಿತ್ರವನ್ನು ಮತ್ತೆ ಹಾಕಿದರು. ಈ ಸಲ ಒಬ್ಬ ಹುಡುಗಿ ಪರದೆಯ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ಕೂತಳು. ಅವಳ ಕೆಲಸ ಚಿತ್ರ ನೋಡುವುದಲ್ಲ, ನೋಡುವವರನ್ನು ನೋಡುವುದು. ಯಾವ ನಿಮಿಷದಲ್ಲಿ ನಕ್ಕರು, ಯಾವಾಗ ಪಕ್ಕದವರ ಹತ್ತಿರ ಪಿಸುಗುಟ್ಟಿದರು, ಯಾವಾಗ ಸೆರಗು ಸರಿಮಾಡಿಕೊಂಡು ಆಚೆ ಈಚೆ ನೋಡಿದರು, ಎಲ್ಲವನ್ನೂ ಸಮಯದ ಜೊತೆ ಬರೆದುಕೊಂಡಳು. ಬಾಯಲ್ಲಿ ಹೇಳದ್ದು ಮೈಯಲ್ಲಿ ಕಾಣುತ್ತದೆ ನೋಡಿ. ಚಿತ್ರ ಮುಗಿದ ಮೇಲೆ ‘ಹೇಗಿತ್ತು’ ಅಂತ ಯಾರೂ ಕೇಳಲಿಲ್ಲ. “ಈ ಕಥೆಯನ್ನ ನಿಮ್ಮ ಮನೆಯವರಿಗೆ ಹೇಳೋ ಹಾಗೆ ನಮಗೆ ಹೇಳಿ ಅಕ್ಕ” ಅಂದರು. ಬಹಳ ಒಳ್ಳೆಯ ಕೇಳ್ವಿ ಇದು. ಓದು ಬರಹ ಬಾರದವರೂ ಉತ್ತರ ಕೊಡಬಹುದು, ಹೊಗಳಿಕೆಗೆ ಜಾಗವಿಲ್ಲ. ಆಮೇಲೆ ಎಲ್ಲಿ ಗೊತ್ತಾಗಲಿಲ್ಲ, ಎಲ್ಲಿ ಬೇಜಾರಾಯಿತು, ಎಲ್ಲಿ ನಂಬಿಕೆ ಬರಲಿಲ್ಲ ಅಂತ ಕೇಳಿದರು. ಮಕ್ಕಳು ಉತ್ತರ ಕೊಡಬಾರದು, ಸಮರ್ಥನೆ ಮಾಡಬಾರದು, ಬರೀ ಬರೆದುಕೊಳ್ಳಬೇಕು ಅಂತ ಕರಾರು. ಆ ನಿರ್ದೇಶಕ ಹುಡುಗನಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಬಹಳ ಕಷ್ಟವಾಯಿತು, ಪಾಪ!

ಮೊದಲು ಬಂದ ಪ್ರಶ್ನೆ ಕೇಳಿ ಮಕ್ಕಳಿಗೆ ನಿರಾಸೆ. “ಆ ಹುಡುಗಿ ಯಾರ ಮನೆಯೋಳು? ಯಾವೂರು?” ಅಂತ ಒಬ್ಬರು ಕೇಳಿದರು. ಚಿತ್ರಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವರಿಗೆ ಅನ್ನಿಸಿರಬೇಕು. ಸಂಬಂಧ ಇದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಯೋಜನೆ ಶುರುವಾಯಿತು. ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ರೈತರು ತಾವೇ ಬೇಸಾಯದ ಪದ್ಧತಿ ಮಾಡಿ ತೋರಿಸುವ ಸಣ್ಣ ಚಿತ್ರಗಳನ್ನು ತೆಗೆದು, ಸಣ್ಣ ಗುಂಪುಗಳಿಗೆ ತೋರಿಸುತ್ತಿದ್ದರು. ಊರಿನವರೇ ಒಬ್ಬರು ಮಧ್ಯೆ ಮಧ್ಯೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳಿ, ಜನ ಹೇಳಿದ್ದನ್ನು ಬರೆದಿಡುತ್ತಿದ್ದರು. ಅಲ್ಲೂ ನೋಡಿದವರು ಮೊದಲು ಕೇಳುತ್ತಿದ್ದದ್ದು ಅದೇ: ಆ ರೈತನ ಹೆಸರೇನು, ಯಾವ ಊರಿನವನು? ನಮ್ಮಂಥವನೇ ಅಂತ ಗೊತ್ತಾದರೆ ಮಾತ್ರ ಅವನ ಮಾತು ಕಿವಿಗೆ ಹೋಗುತ್ತದೆ. ನಮ್ಮ ಸಭೆಯಲ್ಲಿ ಆ ಪ್ರಶ್ನೆ ಬಂದದ್ದಕ್ಕೆ ಕಾರಣ, ಚಿತ್ರದ ಹುಡುಗಿ ಸೌಟಿನಲ್ಲಿ ಮುದ್ದೆ ತಿರುವುತ್ತಿದ್ದಳು! ಇಡೀ ಸಭೆ ನಕ್ಕಿತು. ಮುದ್ದೆ ಕೋಲು ಹಿಡಿಯದವಳು ಸಾಲದ ಕಷ್ಟ ಹೇಳಿದರೆ ನಮ್ಮವರು ನಂಬುವುದಾದರೂ ಹೇಗೆ? ಓಲೆ ಅಡ ಇಟ್ಟು ಬಂದವಳ ಕಿವಿಯಲ್ಲಿ ಮುಂದಿನ ದೃಶ್ಯದಲ್ಲಿ ಅದೇ ಓಲೆ ಇತ್ತು. ಆರು ಮಂದಿ ಎಡಿಟಿಂಗ್ ಮಾಡುವಾಗ ಎಷ್ಟೋ ಸಲ ನೋಡಿದ್ದರಂತೆ, ಒಬ್ಬರಿಗೂ ಕಂಡಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಥೆ ತಿರುಗಿ ಹೇಳಿದ ಐದು ಜನರಲ್ಲಿ ನಾಲ್ವರು “ಸಂಘದಲ್ಲಿ ಸಾಲ ತಗೊಂಡ್ಳು, ಸಂಘದೋರು ಕಾಟ ಕೊಟ್ರು” ಅಂತಲೇ ಹೇಳಿದರು. ಮಕ್ಕಳು ಬೆರಗಾದರು. ಅವರು ತೋರಿಸಲು ಹೊರಟದ್ದು ಫೈನಾನ್ಸ್ ಕಂಪನಿಯ ಗುಂಪು ಸಾಲವನ್ನು. ಅದರಲ್ಲಿ ಕೆಲವು ಹೆಂಗಸರನ್ನು ಸೇರಿಸಿ ಒಬ್ಬರಿಗೊಬ್ಬರು ಜಾಮೀನು ಮಾಡುತ್ತಾರೆ. ದುಡ್ಡು ಕಂಪನಿಯದು, ಬಡ್ಡಿ ಹೋಗುವುದು ಕಂಪನಿಗೆ, ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ. ನಮ್ಮ ಸ್ವಸಹಾಯ ಸಂಘ ಹಾಗಲ್ಲ. ನಾವು ವಾರ ವಾರ ಉಳಿಸಿದ ಹಣ, ನಾವೇ ಬರೆದ ನಿಯಮ, ಬಡ್ಡಿ ಬಂದರೆ ಸಂಘಕ್ಕೇ ಸೇರುತ್ತದೆ. ಬ್ಯಾಂಕಿನಿಂದ ಸಾಲ ತಂದರೂ ಯಾರಿಗೆ ಎಷ್ಟು ಅನ್ನುವುದನ್ನು ಸಭೆಯಲ್ಲಿ ನಾವೇ ತೀರ್ಮಾನಿಸುತ್ತೇವೆ. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಿತ್ತು. ಆದರೆ ಚಿತ್ರ ತೆಗೆದದ್ದು ಒಂದು ಸಂಘದ ಸಭೆ ನಡೆಯುವ ಜಾಗದಲ್ಲಿ. ಅದೇ ಚಾಪೆ, ಅದೇ ಉಳಿತಾಯದ ಪುಸ್ತಕ, ಹಿಂದೆ ಗೋಡೆಯ ಮೇಲೆ ಸಂಘದ ಬೋರ್ಡು! ಒಂದು ಮಾತೂ ಸುಳ್ಳಿಲ್ಲದೆ ಚಿತ್ರ ಪೂರ್ತಿ ಸುಳ್ಳು ಹೇಳುತ್ತಿತ್ತು. ಇದು ಹಾಗೇ ನಾಲ್ಕು ಊರು ಸುತ್ತಿದ್ದರೆ, ಸಂಘಕ್ಕೆ ಹೊಸದಾಗಿ ಸೇರಲು ಯಾವ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು ಹೇಳಿ.

ಹೇಳಿದ್ದೆಲ್ಲವನ್ನೂ ಮಾಡಬೇಕಾ? ಇಲ್ಲ. ಮುಗಿಸುವ ರೀತಿಯ ಬಗ್ಗೆ ನಲವತ್ತು ಜನರಿಂದ ಹತ್ತು ಸಲಹೆ ಬಂದವು. ಗಂಡ ಬುದ್ಧಿ ಕಲಿತು ಕರೆದುಕೊಂಡು ಬರಲಿ, ಸಂಘದವರೇ ಸಾಲ ತೀರಿಸಲಿ, ಪೊಲೀಸ್ ಬರಲಿ, ಹೀಗೆ. ಎಲ್ಲ ಸೇರಿಸಿದರೆ ಅದು ಧಾರಾವಾಹಿ ಆಗುತ್ತದೆ. ಆಸ್ಪತ್ರೆಗೆ ಹೋದಾಗ ಎಲ್ಲಿ ನೋವು ಅಂತ ನಾವು ಹೇಳುತ್ತೇವೆ, ಔಷಧಿ ಡಾಕ್ಟರು ಬರೆಯುತ್ತಾರೆ. ಇಷ್ಟು ಜನ ಮುಗಿಸುವ ಬಗ್ಗೆಯೇ ಮಾತಾಡಿದರು ಎಂದರೆ ಅಲ್ಲಿ ಏನೋ ಕೊರತೆ ಇದೆ ಅಂತ ಅರ್ಥ, ಅಷ್ಟನ್ನು ಮಕ್ಕಳು ತೆಗೆದುಕೊಂಡರೆ ಸಾಕು. ಏನು ಕೊರತೆ ಅನ್ನುವುದು ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಸದಸ್ಯೆಯೊಬ್ಬರ ಮಾತಿನಲ್ಲಿ ಇತ್ತು. “ಬೀಗ ಹಾಕಿದ್ದು ಕಂಡೆ ಮಗಾ. ಆ ಕೂಸು ಇಸ್ಕೂಲಿಗೆ ಹೋಗ್ತಿತ್ತಲ್ಲ, ಅದರ ಬ್ಯಾಗು ಎಲ್ಲೋಯ್ತು?” ಅಂದರು. ಮಕ್ಕಳು ಆ ಕಡೆ ಯೋಚನೆಯನ್ನೇ ಮಾಡಿರಲಿಲ್ಲ.

ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಸಡಿಲವಾಗುತ್ತದೆ ಅನ್ನುವುದನ್ನೂ ಇಲ್ಲಿ ಹೇಳಬೇಕು. 1975ರಲ್ಲಿ ಅಮೆರಿಕದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ‘ಜಾಸ್’ ಎಂಬ ಶಾರ್ಕ್ ಮೀನಿನ ಸಿನಿಮಾ ಮಾಡಿದರು. ಬಿಡುಗಡೆಗೆ ಮೊದಲು ಜನರಿಗೆ ತೋರಿಸಿ ನೋಡಿದಾಗ, ಮೀನು ಥಟ್ಟನೆ ತಲೆ ಎತ್ತುವ ಕಡೆ ಎಲ್ಲರೂ ಕಿರುಚಿದರು. ಇನ್ನೊಂದು ಕಡೆಯೂ ಕಿರುಚಿಸೋಣ ಅಂತ ಅವರಿಗೆ ಆಸೆಯಾಯಿತು. ಮುಳುಗಿದ ದೋಣಿಯಿಂದ ಸತ್ತವನ ತಲೆ ಹೊರಬರುವ ದೃಶ್ಯವನ್ನು, ಚಿತ್ರದ ಎಡಿಟರ್ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದಲ್ಲಿ ಹಾಲಿನ ಪುಡಿ ಕದಡಿ ಮತ್ತೆ ತೆಗೆದರು. ಜನ ಅಲ್ಲೂ ಕಿರುಚಿದರು. ಆದರೆ ಮೀನಿನ ದೃಶ್ಯಕ್ಕೆ ಮೊದಲಿನಷ್ಟು ಕಿರುಚಾಟ ಬರಲಿಲ್ಲ, ಜನ ಆಗಲೇ ಹುಷಾರಾಗಿದ್ದರು ಅಂತ ಸ್ಪೀಲ್‌ಬರ್ಗ್ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಮಕ್ಕಳಿಗೂ ಹೀಗೇ ಆಯಿತು. ಫೈನಾನ್ಸ್ ಬೇರೆ ಸಂಘ ಬೇರೆ ಅಂತ ತಿಳಿಸಲು ಎರಡು ನಿಮಿಷ ಮಾತು ಸೇರಿಸಿ ಮುಂದಿನ ತಿಂಗಳು ತಂದರು. ಗೊಂದಲ ಹೋಯಿತು, ಆಕಳಿಕೆ ಬಂತು. ಆ ಮಾತನ್ನು ಕಿತ್ತು, ಕಂತು ಕಟ್ಟುವ ದೃಶ್ಯವನ್ನೇ ಬೇರೆ ಮನೆಯ ಜಗಲಿಯಲ್ಲಿ, ಕಂಪನಿಯ ಹುಡುಗನ ಬೈಕು ಕಾಣುವ ಹಾಗೆ ಮತ್ತೆ ತೆಗೆದರು. ಹತ್ತು ಸೆಕೆಂಡಿನಲ್ಲಿ ಎಲ್ಲರಿಗೂ ಅರ್ಥವಾಯಿತು.

ಒಂದು ಮಾತು ಸಭೆಯಲ್ಲಿ ಬರಲೇ ಇಲ್ಲ. ಎಲ್ಲರೂ ಹೋದ ಮೇಲೆ ಒಬ್ಬ ಸದಸ್ಯೆ ನಿಂತು, ಮೆಲ್ಲಗೆ ನಮ್ಮ ಕಾರ್ಯಕರ್ತೆಗೆ ಹೇಳಿದರು: “ಅದು ನಮ್ಮ ಪಕ್ಕದ ಊರಿನೋಳ ಕಥೆ. ಮೇಕೆ ಮಾರಿದ್ದು, ಬೀಗ ಹಾಕಿದ್ದು ಎಲ್ಲಾ ಹಂಗಂಗೇ ಐತೆ. ಈಗ ಅವಳು ವಾಪಸ್ ಬಂದವ್ಳೆ. ಇದನ್ನ ನೋಡಿದ್ರೆ ಮತ್ತೆ ತಲೆ ಎತ್ತಿ ಓಡಾಡಕ್ಕಾಯ್ತದಾ?” ವಿಚಾರಿಸಿದರೆ ನಿಜ. ಮಕ್ಕಳು ಆಕೆಯ ಬಾಯಿಂದಲೇ ಕಥೆ ಕೇಳಿದ್ದರು, ಆಕೆಗೇ ಚಿತ್ರ ತೋರಿಸಿರಲಿಲ್ಲ. ನಲವತ್ತು ಜನರ ಅಭಿಪ್ರಾಯಕ್ಕಿಂತ ಮೊದಲು ಕೇಳಬೇಕಾದದ್ದು ಆಕೆಯ ಅಭಿಪ್ರಾಯವನ್ನು. 1967ರಲ್ಲಿ ಕೆನಡಾ ದೇಶದ ಫೋಗೋ ದ್ವೀಪದಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕರು ಬಡ ಮೀನುಗಾರರ ಬಗ್ಗೆ ಚಿತ್ರಗಳನ್ನು ತೆಗೆದಾಗ ಇದನ್ನೇ ನಿಯಮ ಮಾಡಿಕೊಂಡಿದ್ದರು. ಚಿತ್ರದಲ್ಲಿ ಇರುವವರಿಗೇ ಮೊದಲು ತೋರಿಸಿ, ಅವರು ಒಪ್ಪಿದ ಮೇಲೆಯೇ ಬೇರೆಯವರಿಗೆ ತೋರಿಸುತ್ತಿದ್ದರು.

ಮಕ್ಕಳು ಆಕೆಯ ಮನೆಗೆ ಹೋದರು. ನಮ್ಮ ಕಾರ್ಯಕರ್ತೆಯೂ ಜೊತೆಗಿದ್ದರು. ಆಕೆ ಮೊಬೈಲಿನಲ್ಲಿ ಪೂರ್ತಿ ನೋಡಿ, ಮೇಕೆ ಬೇಡ ಎಂದರು, ಗಂಡ ಬೈಯುವ ಒಂದು ಮಾತು ಬೇಡ ಎಂದರು. ಉಳಿದದ್ದು ಇರಲಿ, ಇನ್ನೊಬ್ಬಳು ನೋಡಿ ಹುಷಾರಾಗಲಿ ಎಂದರು. ಮೇಕೆ ಹೋಗಿ ಹೊಲಿಗೆ ಯಂತ್ರ ಬಂತು.

ನಿಮ್ಮ ಸಂಘಕ್ಕೂ ಯಾರಾದರೂ ಚಿತ್ರ ತಂದರೆ ಇಷ್ಟು ಮಾಡಿ. ಇದು ಯಾರದಾದರೂ ನಿಜವಾದ ಕಥೆಯಾ, ಅವರು ನೋಡಿದ್ದಾರಾ ಅಂತ ಮೊದಲೇ ಕೇಳಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಮಾತು ಕೇಳಿಸುವುದಿಲ್ಲ. ಫ್ಯಾನ್ ಆರಿಸಿದರೂ ಕೇಳಿಸದಿದ್ದರೆ ಅದನ್ನೂ ಹೇಳಿ, ಮಕ್ಕಳ ಚಿತ್ರಗಳಲ್ಲಿ ಧ್ವನಿಯದೇ ದೊಡ್ಡ ತೊಂದರೆ. ಮತ್ತೆ, ಚಿತ್ರವನ್ನು ಸಭೆಯ ಕೊನೆಗೆ ಇಟ್ಟುಕೊಳ್ಳಬೇಡಿ. ಐದು ಗಂಟೆ ಬಸ್ಸಿನ ಚಿಂತೆಯಲ್ಲಿ ಇರುವವರು ‘ಚೆನ್ನಾಗಿದೆ’ ಅನ್ನದೆ ಇನ್ನೇನು ಹೇಳುತ್ತಾರೆ!