ಧನುರ್ಮಾಸದ ಬಿಡುವು, ಕಪಾಟಿನ ಕ್ಯಾಮೆರಾ ಮತ್ತು ಜಿಲ್ಲೆಯ ಕತ್ತಲೆ

ಧನುರ್ಮಾಸ ಪ್ರವೇಶಿಸಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲಿನ ಫೋಟೋ ಸ್ಟುಡಿಯೋಗಳ ವ್ಯವಹಾರ ಮಂದವಾಗುತ್ತದೆ. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯವರೆಗೆ ಮದುವೆಯ ಮುಹೂರ್ತಗಳಿರುವುದಿಲ್ಲ. ಸಾಲ ಮಾಡಿ ಕೊಂಡ ಡಿಎಸ್‌ಎಲ್‌ಆರ್ ಕ್ಯಾಮೆರಾಗಳು ಕಪಾಟು ಸೇರುತ್ತವೆ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಆಷಾಢದಲ್ಲಿಯೂ ಇದೇ ಸ್ಥಿತಿ. ಆದರೆ ಈ ಎರಡು ಬಿಡುವುಗಳ ನಡುವೆ ಮುಖ್ಯವಾದ ಒಂದು ವ್ಯತ್ಯಾಸವಿದೆ. ಆಷಾಢದಲ್ಲಿ ಆಕಾಶ ಮೋಡಗಳಿಂದ ಮುಚ್ಚಿರುತ್ತದೆ. ಧನುರ್ಮಾಸದಲ್ಲಿ ರಾತ್ರಿಗಳು ದೀರ್ಘವಾಗಿಯೂ ಆಕಾಶ ನಿರ್ಮಲವಾಗಿಯೂ ಇರುತ್ತವೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಿ ಬಂದ ರೈತ ಮನೆ ಸೇರಿದ ಮೇಲೆ ಹೊಲದ ಮೇಲೆ ಕವಿಯುವ ಕತ್ತಲೆಯು ನಕ್ಷತ್ರಗಳ ಛಾಯಾಗ್ರಹಣಕ್ಕೆ ಹೇಳಿ ಮಾಡಿಸಿದಂತಹುದು.

ಖಗೋಳ ಛಾಯಾಗ್ರಹಣವೆಂದರೆ ಭಾರಿ ದೂರದರ್ಶಕ ಬೇಕು, ಲಕ್ಷಗಟ್ಟಲೆ ಬಂಡವಾಳ ಬೇಕು ಎಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆಯಿಂದಲೇ ಅನೇಕರು ಆರಂಭಿಸುವುದಿಲ್ಲ. ಆರಂಭಿಸಿದವರಲ್ಲಿ ಅನೇಕರು ಮೊದಲು ದೂರದರ್ಶಕವನ್ನೇ ಕೊಂಡು ಕೈ ಸುಟ್ಟುಕೊಳ್ಳುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧವಾದುದು. ಮೊದಲು ಕೈಯಲ್ಲಿರುವ ಕ್ಯಾಮೆರಾ, ಅನಂತರ ಅದನ್ನು ಆಕಾಶದೊಡನೆ ತಿರುಗಿಸುವ ಸಾಧನ, ಕೊನೆಯಲ್ಲಿ ದೂರದರ್ಶಕ.

ಕೈಯಲ್ಲಿರುವ ಸಾಮಗ್ರಿಯಿಂದಲೇ ಆರಂಭ

ಮೊದಲ ರಾತ್ರಿಗೆ ಬೇಕಾದುದು ಡಿಎಸ್‌ಎಲ್‌ಆರ್, ಅದರೊಡನೆ ಬಂದ 18 ಮಿ.ಮೀ. ಅಗಲ ಕೋನದ ಲೆನ್ಸ್, ಅಲುಗಾಡದ ಟ್ರೈಪಾಡ್ ಮತ್ತು ರಿಮೋಟ್. ರಿಮೋಟ್ ಇಲ್ಲದಿದ್ದರೆ 2 ಸೆಕೆಂಡಿನ ಟೈಮರ್ ಸಾಕು. ಚಿತ್ರವನ್ನು ಜೆಪೆಗ್ ಬದಲು ರಾ ರೂಪದಲ್ಲಿ ಉಳಿಸಬೇಕು. ಲೆನ್ಸಿನ ಅಪರ್ಚರನ್ನು ಪೂರ್ಣ ತೆರೆದು ಐಎಸ್‌ಒ 1600ಕ್ಕೆ ಇರಿಸಬೇಕು. ಫೋಕಸ್ ಮಾಡುವಲ್ಲಿ ಹೊಸಬರು ಎಡವುವುದು ಹೆಚ್ಚು. ಕತ್ತಲೆಯಲ್ಲಿ ಆಟೋ ಫೋಕಸ್ ಕೆಲಸ ಮಾಡದು. ಲುಬ್ಧಕದಂತಹ ಪ್ರಕಾಶಮಾನ ನಕ್ಷತ್ರವನ್ನು ಲೈವ್ ವ್ಯೂ ಪರದೆಯ ಮೇಲೆ ತಂದು, ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಕೈಯಿಂದ ಲೆನ್ಸ್ ತಿರುಗಿಸಬೇಕು. ಹೊಂದಿಕೆ ಸಿಕ್ಕ ಮೇಲೆ ಉಂಗುರಕ್ಕೆ ಒಂದು ತುಂಡು ಟೇಪ್ ಅಂಟಿಸುವುದು ಒಳ್ಳೆಯದು.

ಭೂಮಿಯು ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಿರುವುದರಿಂದ ಶಟರನ್ನು ಬಹಳ ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಯಾಗಿ ಉಳಿಯದೆ ಗೆರೆಗಳಾಗುತ್ತವೆ. ಇದಕ್ಕೆ ಹಳೆಯ ಒಂದು ಲೆಕ್ಕವಿದೆ. 500ನ್ನು ಲೆನ್ಸಿನ ಸಂಗಮ ದೂರದಿಂದಲೂ, ಸಣ್ಣ ಸಂವೇದಕದ ಕ್ಯಾಮೆರಾಗಳಲ್ಲಿ ಮತ್ತೆ 1.5ರಿಂದಲೂ ಭಾಗಿಸಬೇಕು. 18 ಮಿ.ಮೀ. ಲೆನ್ಸಿಗೆ ಸುಮಾರು 18 ಸೆಕೆಂಡು ಸಿಗುತ್ತದೆ; 50 ಮಿ.ಮೀ. ಲೆನ್ಸಿಗೆ 6 ಸೆಕೆಂಡು ಮಾತ್ರ. ಅದಕ್ಕಿಂತ ಹೆಚ್ಚಿನ ಬೆಳಕು ಬೇಕೆಂದರೆ ಒಂದೇ ಚೌಕಟ್ಟಿನ ಹತ್ತಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಬೇಕು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. 16 ಚಿತ್ರಗಳನ್ನು ಕೂಡಿಸಿದರೆ ಚಿತ್ರದ ಶುದ್ಧತೆ 4 ಪಟ್ಟು ಹೆಚ್ಚುತ್ತದೆ. 64 ಕೂಡಿಸಿದರೆ 8 ಪಟ್ಟು. ಲಾಭವು ಶ್ರಮದ ವರ್ಗಮೂಲದಷ್ಟೇ ಬರುವುದೆಂಬುದನ್ನು ವರ್ತಕರು ಗಮನಿಸಬೇಕು. ಲೆನ್ಸಿನ ಮುಚ್ಚಳ ಹಾಕಿ, ಅಷ್ಟೇ ಸೆಕೆಂಡುಗಳ ಕೆಲವು ಕಪ್ಪು ಚಿತ್ರಗಳನ್ನೂ ತೆಗೆದುಕೊಂಡರೆ ಸಂವೇದಕದ ದೋಷಗಳನ್ನು ಕಳೆಯಬಹುದು.

ಇಲ್ಲಿಯೂ ಧನುರ್ಮಾಸಕ್ಕೆ ಅನುಕೂಲವಿದೆ. ಸಂವೇದಕದಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತು ಸುಮಾರು ಪ್ರತಿ 6 ಡಿಗ್ರಿ ಉಷ್ಣತೆಗೆ ಇಮ್ಮಡಿಯಾಗುತ್ತದೆ. ಬೇಸಿಗೆಯ ರಾತ್ರಿಗಿಂತ 12 ಡಿಗ್ರಿ ತಂಪಾದ ಚಳಿಗಾಲದ ರಾತ್ರಿಯಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಮಹಾವ್ಯಾಧ ನಕ್ಷತ್ರಪುಂಜ ರಾತ್ರಿ 11ರಿಂದ 12ರ ನಡುವೆ ದಕ್ಷಿಣದಲ್ಲಿ ಸುಮಾರು 68 ಡಿಗ್ರಿ ಎತ್ತರದಲ್ಲಿರುತ್ತದೆ. ಅದರ ಖಡ್ಗದಲ್ಲಿರುವ ನೀಹಾರಿಕೆ ಹೊಸಬರ ಮೊದಲ ಗುರಿಯಾಗಲು ಯೋಗ್ಯ. ಕೃತ್ತಿಕಾ ನಕ್ಷತ್ರಪುಂಜವೂ ಆಗ ಲಭ್ಯ. ಆದರೆ ಆಕಾಶಗಂಗೆಯ ಕೇಂದ್ರಭಾಗ ಆ ತಿಂಗಳು ಕಾಣದು. ಅದು ಧನು ರಾಶಿಯಲ್ಲಿದೆ, ಸೂರ್ಯನೂ ಆಗ ಅಲ್ಲಿಯೇ ಇರುತ್ತಾನೆ. ಮಾಸಕ್ಕೆ ಆ ಹೆಸರು ಬಂದಿರುವುದೇ ಅದರಿಂದ. ಏಪ್ರಿಲ್ ಮಧ್ಯದಲ್ಲಿ ಆ ಭಾಗ ರಾತ್ರಿ 11ರ ಸುಮಾರಿಗೆ ಉದಯಿಸಿ ಬೆಳಗಿನ ಜಾವ 45 ಡಿಗ್ರಿ ಎತ್ತರಕ್ಕೇರುತ್ತದೆ. ಲಂಡನ್ನಿನವರಿಗೆ ಅದೇ ಭಾಗ 10 ಡಿಗ್ರಿಯಷ್ಟೂ ಮೇಲೇರುವುದಿಲ್ಲ. ಎಷ್ಟು ಹಣ ಕೊಟ್ಟರೂ ಅವರಿಗೆ ದೊರೆಯದ ಸೌಲಭ್ಯವಿದು.

ಬಡಗಿಯ ಅಂಗಡಿಯಲ್ಲಿ ಆಗುವ ಯಂತ್ರ

ಎರಡನೆಯ ಹೆಜ್ಜೆಯು ಸಣ್ಣ ಕೈಗಾರಿಕೆಯವರಿಗೆ ಹೆಚ್ಚು ಆಸಕ್ತಿಯದು. ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುವ ಸರಳ ಸಾಧನವೊಂದನ್ನು 1975ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಪ್ರಚುರಪಡಿಸಿದರು. ಎರಡು ಮರದ ಹಲಗೆಗಳನ್ನು ಒಂದು ತುದಿಯಲ್ಲಿ ಬಿಜಾಗರಿಯಿಂದ ಜೋಡಿಸಿ, ಇನ್ನೊಂದು ಕಡೆ ಬೋಲ್ಟ್ ತಿರುಗಿಸಿ ಮೇಲಿನ ಹಲಗೆಯನ್ನು ನಿಧಾನವಾಗಿ ಎತ್ತುವುದಷ್ಟೇ ಅದರ ತತ್ವ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಎಂ6 ಬೋಲ್ಟಿನ ಮರೆ ಪ್ರತಿ ಸುತ್ತಿಗೆ 1 ಮಿ.ಮೀ. ಮುಂದುವರಿಯುತ್ತದೆ. ಬೋಲ್ಟನ್ನು ಬಿಜಾಗರಿಯ ಅಕ್ಷದಿಂದ 228.5 ಮಿ.ಮೀ. ದೂರದಲ್ಲಿ ಕೂರಿಸಿ, ಗಡಿಯಾರದ ಸೆಕೆಂಡ್ ಮುಳ್ಳಿನೊಡನೆ ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸಿದರೆ ಮೇಲಿನ ಹಲಗೆ ನಕ್ಷತ್ರಗಳ ವೇಗದಲ್ಲಿಯೇ ಚಲಿಸುತ್ತದೆ. ಕೈ ನಡುಗುವವರು ನಿಮಿಷಕ್ಕೊಂದು ಸುತ್ತಿನ ಸಣ್ಣ ಮೋಟಾರ್ ಅಳವಡಿಸಿಕೊಳ್ಳಬಹುದು. 50 ಮಿ.ಮೀ. ಲೆನ್ಸಿಗೆ 6 ಸೆಕೆಂಡಿನ ಜಾಗದಲ್ಲಿ ಒಂದೆರಡು ನಿಮಿಷಗಳ ಬೆಳಕು ಇದರಿಂದ ದೊರೆಯುತ್ತದೆ.

ಬಿಜಾಗರಿಯ ಅಕ್ಷವು ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿರಬೇಕೆಂಬುದು ಮುಖ್ಯ ನಿಯಮ. ಈ ಜಿಲ್ಲೆಯಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಸುಮಾರು 16 ಡಿಗ್ರಿ ಮಾತ್ರ ಎತ್ತರದಲ್ಲಿದೆ. ಬಾದಾಮಿಯ ಬಂಡೆಗಳ ಅಡಿಯಲ್ಲಿ ನಿಂತವರಿಗೆ ಅದು ಕಾಣದೇ ಹೋಗಬಹುದು. ಆದ್ದರಿಂದ ಉತ್ತರ ದಿಕ್ಕು ತೆರೆದಿರುವ ಹೊಲವನ್ನು ಆರಿಸಿಕೊಳ್ಳುವುದು ಲೇಸು. ಹೊಲದ ಮಾಲೀಕರ ಒಪ್ಪಿಗೆಯನ್ನು ಹಗಲಿನಲ್ಲಿಯೇ ಪಡೆದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇದೇ ರೀತಿ ಇಲ್ಲಿಯೇ ತಯಾರಿಸಬಹುದಾದ ಇನ್ನೆರಡು ವಸ್ತುಗಳಿವೆ. 2005ರಲ್ಲಿ ರಷ್ಯದ ಪಾವೆಲ್ ಬಹ್ತಿನೋವ್ ರೂಪಿಸಿದ ಸೀಳುಗಂಡಿಗಳ ಮುಖವಾಡವನ್ನು ಲೆನ್ಸಿನ ಮುಂದಿಟ್ಟರೆ ನಕ್ಷತ್ರದ ಸುತ್ತ ಮೂರು ಗೆರೆಗಳು ಮೂಡುತ್ತವೆ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದಾಗ ಫೋಕಸ್ ಸರಿಯಾಯಿತೆಂದು ಅರ್ಥ. ನಾಮಫಲಕಗಳಿಗಾಗಿ ಅಕ್ರಿಲಿಕ್ ಹಾಳೆ ಕತ್ತರಿಸುವ ಯಾವುದೇ ಘಟಕದಲ್ಲಿ ಇದನ್ನು ಕತ್ತರಿಸಬಹುದು. ಇನ್ನೊಂದು, ಕ್ಯಾಮೆರಾವನ್ನು ದೂರದರ್ಶಕಕ್ಕೆ ಜೋಡಿಸುವ ಟಿ-ಉಂಗುರ ಮತ್ತು ನಳಿಕೆ. ಇವುಗಳ ಮರೆ 42 ಮಿ.ಮೀ. ವ್ಯಾಸ, 0.75 ಮಿ.ಮೀ. ಅಂತರದ್ದು, ನಳಿಕೆಯ ಹೊರವ್ಯಾಸ 31.7 ಅಥವಾ 50.8 ಮಿ.ಮೀ. ಒಳ್ಳೆಯ ಲೇಥ್ ಕೆಲಸಗಾರನಿಗೆ ನಳಿಕೆ ಕಷ್ಟವಲ್ಲ. ಕ್ಯಾಮೆರಾ ಕಡೆಯ ಕೊಂಡಿಯುಳ್ಳ ಉಂಗುರವನ್ನು ಮಾತ್ರ ಸಿದ್ಧವಾಗಿಯೇ ಕೊಳ್ಳುವುದು ಕ್ಷೇಮ.

ದೂರದರ್ಶಕಕ್ಕಿಂತ ಮೌಂಟ್ ಮುಖ್ಯ

ದೂರದರ್ಶಕ ಕೊಳ್ಳುವ ಹಂತ ಬಂದಾಗ ಹಣದ ಅರ್ಧದಷ್ಟಾದರೂ ಅದನ್ನು ಹೊರುವ ಮೌಂಟಿಗೆ ಮೀಸಲಾಗಿರಬೇಕು. ಇದು ಹೊಸಬರಿಗೆ ರುಚಿಸದ ಮಾತು. 500 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಜಾಹೀರಾತಿಗೆ ಮರುಳಾಗುವವರೇ ಹೆಚ್ಚು. ಛಾಯಾಗ್ರಹಣದಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ. ಧ್ರುವಕ್ಕೆ ಅಕ್ಷ ಹೊಂದಿಸಬಲ್ಲ, ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್ ಬೇಕು. ತಯಾರಕರು ಹೇಳುವ ಭಾರದ ಅರ್ಧದಷ್ಟನ್ನೇ ಅದರ ಮೇಲೆ ಹೊರಿಸಬೇಕು. ಕೊಳ್ಳುವ ಮೊದಲು ಆ ಮೌಂಟ್ 16 ಡಿಗ್ರಿಯವರೆಗೆ ಬಾಗುವುದೇ ಎಂದು ವಿಚಾರಿಸುವುದನ್ನು ಮರೆಯಬಾರದು. ಯುರೋಪು, ಅಮೆರಿಕಗಳ ಅಕ್ಷಾಂಶಗಳನ್ನು ಗಮನದಲ್ಲಿಟ್ಟು ತಯಾರಾದ ಕೆಲವು ಮೌಂಟುಗಳನ್ನು ಇಷ್ಟು ಕೆಳಗೆ ಬಾಗಿಸಿದರೆ ಸಮತೂಕದ ಗುಂಡು ಟ್ರೈಪಾಡಿನ ಕಾಲಿಗೆ ತಾಗುತ್ತದೆ.

ದೂರದರ್ಶಕವು ಸಣ್ಣದಿದ್ದಷ್ಟೂ ಆರಂಭ ಸುಲಭ. 400 ಮಿ.ಮೀ. ಸಂಗಮ ದೂರದ ಮಸೂರ ದೂರದರ್ಶಕಕ್ಕೆ ಸಾಮಾನ್ಯ ಡಿಎಸ್‌ಎಲ್‌ಆರ್ ಜೋಡಿಸಿದರೆ ಸುಮಾರು 3 ಡಿಗ್ರಿ ಅಗಲದ ಆಕಾಶ ಚೌಕಟ್ಟಿನೊಳಗೆ ಬರುತ್ತದೆ; ಕೃತ್ತಿಕೆ ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ. ಚಂದ್ರನಿಗೆ ಮಾತ್ರ ಹೆಚ್ಚಿನ ಸಂಗಮ ದೂರ ಲೇಸು. 1000 ಮಿ.ಮೀ. ದೂರದರ್ಶಕದಲ್ಲಿ ಚಂದ್ರಬಿಂಬ ಸಂವೇದಕದ ಮೇಲೆ 9 ಮಿ.ಮೀ.ನಷ್ಟು ಮೂಡುತ್ತದೆ. ಕನ್ನಡಿ ದೂರದರ್ಶಕ ಕೊಳ್ಳುವವರು ಡಿಎಸ್‌ಎಲ್‌ಆರ್ ಜೋಡಿಸಿದಾಗ ಅದು ಫೋಕಸ್ ಆಗುವುದೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಕಣ್ಣಿನಿಂದ ನೋಡಲೆಂದು ಮಾಡಿದ ಹಲವು ಮಾದರಿಗಳಲ್ಲಿ ಫೋಕಸ್ ನಳಿಕೆ ಅಷ್ಟು ಒಳಗೆ ಹೋಗುವುದಿಲ್ಲ. ಸೂರ್ಯನತ್ತ ತಿರುಗಿಸುವುದಾದರೆ ದೂರದರ್ಶಕದ ಮುಂಭಾಗಕ್ಕೇ ಸೂರ್ಯಶೋಧಕ ಹಾಳೆಯನ್ನು ಭದ್ರವಾಗಿ ಕಟ್ಟಿರಬೇಕು. ಇಲ್ಲವಾದರೆ ಕ್ಯಾಮೆರಾ ಸುಡುತ್ತದೆ, ಕಣ್ಣಿಟ್ಟರೆ ದೃಷ್ಟಿಯೇ ಹೋಗುತ್ತದೆ.

ನೀಹಾರಿಕೆಗಳ ಕೆಂಪು ಬೆಳಕು 656 ನ್ಯಾನೊಮೀಟರಿನದು. ಸಾಮಾನ್ಯ ಕ್ಯಾಮೆರಾಗಳೊಳಗಿನ ಶೋಧಕ ಅದರ ಬಹುಭಾಗವನ್ನು ತಡೆಯುತ್ತದೆ. ಈ ಕಾರಣಕ್ಕಾಗಿಯೇ ಕ್ಯಾನನ್ 2005ರಲ್ಲಿ 20ಡಿಎ, 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ಎಂಬ ವಿಶೇಷ ಮಾದರಿಗಳನ್ನು ಹೊರತಂದವು. ಶೋಧಕ ತೆಗೆಸಿ ಕ್ಯಾಮೆರಾ ಮಾರ್ಪಡಿಸುವ ಪದ್ಧತಿಯೂ ಇದೆ. ಮದುವೆಯ ಕ್ಯಾಮೆರಾಕ್ಕೆ ಈ ಚಿಕಿತ್ಸೆ ಸಲ್ಲದು; ವಧುವಿನ ಮುಖ ಕೆಂಪಾಗಿ ಬಂದೀತು. ತಯಾರಕರು ಮಿರರ್‌ಲೆಸ್ ಕಡೆಗೆ ವಾಲಿದ ಮೇಲೆ ಹಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗವಾಗಿ ಕೈಬದಲಾಗುತ್ತಿವೆ. ಅಂಥದೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಬಹುದು.

ಲೆಕ್ಕಪುಸ್ತಕದ ದೃಷ್ಟಿಯಿಂದ ಒಂದು ಮಾತು. ದೂರದರ್ಶಕ, ಅದರ ಮೌಂಟ್ ಎರಡೂ ಎಚ್‌ಎಸ್‌ಎನ್ 9005ರಲ್ಲಿ ಬರುತ್ತವೆ. ನಿಯಮಿತ ಜಿಎಸ್‌ಟಿ ನೋಂದಣಿಯುಳ್ಳ ಸ್ಟುಡಿಯೋ ವ್ಯವಹಾರದ ಉದ್ದೇಶಕ್ಕೆ ಕೊಂಡಲ್ಲಿ ಇನ್‌ಪುಟ್ ತೆರಿಗೆಯ ಜಮೆ ಪಡೆಯಲು ಅವಕಾಶವಿದೆ. ಕಾಂಪೋಸಿಷನ್ ಪದ್ಧತಿಯವರಿಗೆ ಆ ಅವಕಾಶವಿಲ್ಲ.

ಕತ್ತಲೆಗೂ ಬೆಲೆಯಿದೆ

ಚಿತ್ರ ಮಾರಿ ಹಣ ಗಳಿಸುವ ಆಸೆ ಇಟ್ಟುಕೊಳ್ಳುವುದು ಸರಿಯಲ್ಲ. ಅಂತರಜಾಲದ ತುಂಬ ಉಚಿತ ಚಿತ್ರಗಳಿವೆ. ಆದಾಯದ ಸಾಧ್ಯತೆ ಇರುವುದು ಪ್ರವಾಸಿಗರಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ 1,073 ಚದರ ಕಿ.ಮೀ. ಪ್ರದೇಶವನ್ನು ಕತ್ತಲಾಕಾಶ ಸಂರಕ್ಷಿತ ತಾಣವೆಂದು ಘೋಷಿಸಲಾಯಿತು. ಗ್ರಾಮಸ್ಥರಿಗೆ ದೂರದರ್ಶಕ ನೀಡಿ ತರಬೇತಿ ಕೊಡಲಾಯಿತು. ಪ್ರವಾಸಿಗರು ರಾತ್ರಿ ತಂಗುವುದರಿಂದ ಮನೆವಾಸದ ವ್ಯವಹಾರ ಬೆಳೆಯಿತು. ಬಾದಾಮಿಯ ಪ್ರವಾಸಿಗರಲ್ಲಿ ಅನೇಕರು ಹಗಲಲ್ಲಿ ಗುಹೆ, ಪಟ್ಟದಕಲ್ಲು, ಐಹೊಳೆ ನೋಡಿ ಸಂಜೆಗೆ ಹೊರಟುಬಿಡುತ್ತಾರೆ. ಅವರನ್ನು ಒಂದು ರಾತ್ರಿ ಉಳಿಸಿಕೊಳ್ಳಲು ವಸತಿಗೃಹದ ಮಾಳಿಗೆಯ ಮೇಲಿನ ಒಂದು ದೂರದರ್ಶಕ, ಚಂದ್ರನೊಡನೆ ಅವರದೇ ಕ್ಯಾಮೆರಾದಲ್ಲಿ ತೆಗೆದುಕೊಟ್ಟ ಒಂದು ಚಿತ್ರ ನೆರವಾದೀತು. ಬನದ ಹುಣ್ಣಿಮೆಯಿಂದ ಆರಂಭವಾಗುವ ಬನಶಂಕರಿ ಜಾತ್ರೆಯ ದಿನಗಳು ನಕ್ಷತ್ರಗಳಿಗೆ ಅನುಕೂಲವಲ್ಲವಾದರೂ ಚಂದ್ರನಿಗೆ ಅನುಕೂಲವೇ.

ಆಕಾಶದ ಕಥೆಯೂ ಇಲ್ಲಿ ಕಲ್ಲಿನ ಮೇಲಿದೆ. ಪಟ್ಟದಕಲ್ಲಿನ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬದ ಶಾಸನ ಸಂಪೂರ್ಣ ಸೂರ್ಯಗ್ರಹಣವೊಂದನ್ನು ಉಲ್ಲೇಖಿಸುತ್ತದೆ. ವಿದ್ವಾಂಸರು ಅದನ್ನು ಕ್ರಿ.ಶ. 754ರ ಜೂನ್ 25ಕ್ಕೆ ಹೊಂದಿಸಿದ್ದಾರೆ. 1980ರ ಫೆಬ್ರವರಿ 16ರ ಸಂಪೂರ್ಣ ಗ್ರಹಣಕ್ಕೆ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಬಳಿಯ ಹೊಸೂರು ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಆದರೆ ಸಂರಕ್ಷಿತ ಸ್ಮಾರಕಗಳ ಬಾಗಿಲು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಒಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ರಾತ್ರಿ ದೇವಾಲಯದ ಆವರಣ ಹೊಕ್ಕು ಚಿತ್ರ ತೆಗೆಯುವ ಯೋಜನೆಯನ್ನು ಯಾರೂ ಹಾಕಬಾರದು.

ಇನ್ನು ಸ್ಥಳದ ಆಯ್ಕೆ. ಬಾಗಲಕೋಟೆ ನವನಗರದ ಬೀದಿದೀಪಗಳಿಂದ ದೂರ ಸರಿಯಬೇಕು. ಹಿನ್ನೀರಿನ ಅಂಚಿನಲ್ಲಿ ಚಳಿಗಾಲದ ಇಬ್ಬನಿ ಲೆನ್ಸಿನ ಮೇಲೆ ಕೂರುವುದರಿಂದ ಬಿಸಿಪಟ್ಟಿ ಬೇಕಾಗುತ್ತದೆ. ಹುನಗುಂದ, ಇಳಕಲ್ಲಿನವರು ಹೆದ್ದಾರಿಯಿಂದ ಒಳಗೆ ಹೋಗಬೇಕು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಸುತ್ತಲಿನ ಸಣ್ಣ ದೂಳು ಮಸೂರದ ಶತ್ರು. ಅದನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಗಾಳಿಯಿಂದ ಊದಿಯೇ ತೆಗೆಯಬೇಕು. ಅದೇ ಗ್ರಾನೈಟಿನ ತ್ಯಾಜ್ಯ ತುಂಡು ದೂರದರ್ಶಕಕ್ಕೆ ಅಲುಗದ ಕಂಬವಾಗಬಲ್ಲದು.

ಈ ಕತ್ತಲೆಯನ್ನು ಕಳೆಯುತ್ತಿರುವವರಲ್ಲಿ ವರ್ತಕರೂ ಇದ್ದಾರೆ. ಗೋದಾಮು, ಕ್ವಾರಿ, ಜಿನ್ನಿಂಗ್ ಅಂಗಳಗಳ ಬಿಳಿ ಎಲ್‌ಇಡಿ ಫ್ಲಡ್‌ಲೈಟುಗಳಲ್ಲಿ ಹಲವು ನೆಲಕ್ಕಿಂತ ಆಕಾಶವನ್ನೇ ಹೆಚ್ಚು ಬೆಳಗುತ್ತವೆ. ಆ ಬೆಳಕಿಗೂ ಯೂನಿಟ್ ಲೆಕ್ಕದಲ್ಲಿ ಬಿಲ್ ಬರುತ್ತದೆ. ದೀಪದ ಮುಖವನ್ನು ಕೆಳಕ್ಕೆ ತಿರುಗಿಸಿ ಮೇಲೊಂದು ತಗಡಿನ ಮರೆ ಕಟ್ಟಿದರೆ ಅಂಗಳಕ್ಕೆ ಬೇಕಾದ ಬೆಳಕು ಕಡಿಮೆ ವ್ಯಾಟಿನಲ್ಲಿಯೇ ದೊರೆಯುತ್ತದೆ. ಬರುವ ಧನುರ್ಮಾಸದೊಳಗೆ ಇದನ್ನು ಮಾಡಲು ಒಬ್ಬ ಎಲೆಕ್ಟ್ರಿಷಿಯನ್, ಒಂದು ಏಣಿ, ಅರ್ಧ ದಿನ ಸಾಕು.